ಸರ್ವಾನುಮತದಿಂದ ಕಳೆದುಕೊಂಡ ಹಾಡು

ಜ್ಯೇಷ್ಠಮಧುವಿನ ವಾಸನೆಗೆ ಇಷ್ಟು ಆಯುಷ್ಯವಿದೆಯೆಂದು ನನಗೆ ಗೊತ್ತಿರಲಿಲ್ಲ. ಕಳೆದ ತಿಂಗಳು ನಡುವಯಸ್ಸಿನ ಹೆಂಗಸೊಬ್ಬಳು ಠಾಣೆಯ ವರ್ತಕ ನಗರದ ನಮ್ಮ ಮನೆಗೆ ಬಂದು, ತನ್ನ ತಾಯಿ ತೀರಿಕೊಂಡಳೆಂದೂ ಇದನ್ನು ನನಗೆ ತಲುಪಿಸಲು ಹೇಳಿದ್ದಳೆಂದೂ ಹಿಂದಿಯಲ್ಲಿ ತಿಳಿಸಿ, ಒಂದು ಹಳೆಯ ನೋಟ್‌ಬುಕ್ಕು ಕೊಟ್ಟು ಹೋದಳು. ತೆರೆದೆ. ಅದೇ ವಾಸನೆ... ಹಾಡುವ ಮುಂಚೆ ಆ ತಾಯಿಯ ದವಡೆಯಲ್ಲಿ ಸದಾ ಒಂದು ಚೂರು ಜ್ಯೇಷ್ಠಮಧು ಇರುತ್ತಿತ್ತು.

ಎಪ್ಪತ್ತರ ದಶಕದ ಕೊನೆ. ಮುಂಬಯಿ ಹತ್ತಿರದ ಕಲ್ಯಾಣದ ನಮ್ಮ ಕನ್ನಡ ಸಂಘಕ್ಕೆ ನಾನು ಕಾರ್ಯದರ್ಶಿ, ಅವಳು ಹಾಡುಗಾರ್ತಿ. ಅವಳ ಅಪ್ಪ ವಿಜಾಪುರದ ಕಡೆಯಿಂದ ಬಂದು ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದವರು. ಮಗಳು ಹುಟ್ಟಿದ್ದು ಕಲ್ಯಾಣದಲ್ಲಿ, ಓದಿದ್ದು ಮರಾಠಿಯಲ್ಲಿ. "ನಮ್ಮ ಹುಡುಗಿಗೆ ಕನ್ನಡ ಮಾತಾಡಾಕ ಬರಂಗಿಲ್ರಿ. ಹಾಡಾಕ ಬರ್ತದ," ಎಂದು ಅಪ್ಪನೇ ಮೊದಲ ದಿನ ಒಪ್ಪಿಸಿದ್ದರು. ಹಾಡುಗಳನ್ನು ನಾನು ಈ ನೋಟ್‌ಬುಕ್ಕಿನಲ್ಲೇ ಮರಾಠಿ ಅಕ್ಷರದಲ್ಲಿ ಬರೆದುಕೊಡುತ್ತಿದ್ದೆ. ಅವಳು ಸಾಲುಸಾಲಿಗೂ ಅರ್ಥ ಕೇಳುತ್ತಿದ್ದಳು. ನನಗೇ ತಿಳಿಯದ ಕಡೆ ಕಾರ್ಯದರ್ಶಿಗೆ ತಕ್ಕ ಗಾಂಭೀರ್ಯದಿಂದ ಕೆಮ್ಮುತ್ತಿದ್ದೆ.

ಎರಡೇ ವರ್ಷದಲ್ಲಿ ಡೊಂಬಿವಲಿ, ಠಾಣೆಯ ಗಣಪತಿ ಮಂಟಪಗಳಿಗೆಲ್ಲ ಅವಳೇ ಬೇಕಾದಳು. ಅವಳ ಹಾಡು ಇದ್ದ ದಿನ ಉಡುಪಿಯ ಹೋಟೆಲಿನವರೂ ಬೇಗ ಶಟರ್ ಎಳೆಯುತ್ತಿದ್ದರು. ಅಪ್ಪನದು ಮೊದಲ ಸಾಲಿನ ಕುರ್ಚಿ, ಒಗೆದ ರುಮಾಲು, ಹಾಡಿನ ಜೊತೆ ಅಲ್ಲಾಡುವ ತುಟಿ. ಮುಗಿದ ಮೇಲೆ ಪ್ರತಿಸಲ ಒಂದೇ ಮಾತು: "ಊರಿಗೆ ಹೋಗಿ ಬಂದಂಗಾತ್ರಿ."

ಒಂದು ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ಬಂದ ಅತಿಥಿ ಅವಳಿಗೆ ಶಾಲು ಹೊದಿಸಿ, ನಾಲ್ಕು ಮಾತಾಡಲು ಹೇಳಿದರು. ಅವಳು ವಂದನೆ ಹೇಳಿದಳು, ಸೊಗಸಾಗಿ, ಮರಾಠಿಯಲ್ಲಿ. ಅತಿಥಿ ಸಣ್ಣಗೆ ನಕ್ಕರು. ಆ ನಗೆ ನಮ್ಮ ಸಂಘಕ್ಕೆ ಬರೆಯಿಟ್ಟಂತಾಯಿತು.

ಮುಂದಿನ ಭಾನುವಾರ ಉಪ್ಪಿಟ್ಟಿನ ನಂತರ ಕಾರ್ಯಕಾರಿ ಸಮಿತಿ ನಿರ್ಣಯಿಸಿತು: ಕನ್ನಡ ಮಾತನಾಡಬಲ್ಲವರಿಗೆ ಮಾತ್ರ ವೇದಿಕೆ. ಸೂಚಿಸಿದ ಖಜಾಂಚಿಯ ಮನೆಯಲ್ಲಿ ಮಕ್ಕಳು ಉಪ್ಪು ಕೇಳುತ್ತಿದ್ದುದೂ ಹಿಂದಿಯಲ್ಲೇ. ಏಳು ಕೈ ಮೇಲೆದ್ದವು. ಒಂದು ನನ್ನದು. ನಿರ್ಣಯ ಬರೆದ ಅಕ್ಷರವೂ ನನ್ನದೇ.

ತಿಳಿಸಲು ನಾನೇ ಹೋದೆ. ಅವಳು ಜಗಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. ವಾದ ಮಾಡಲಿಲ್ಲ. "ಕಾಕಾ, ಬಾಬಾ ಆತಾ ಕುಠೇ ಐಕ್‌ಣಾರ?" ಎಂದಳು. ಅಪ್ಪ ಇನ್ನು ಎಲ್ಲಿ ಕೇಳಬೇಕು ಎಂದು. ಮುಂದಿನ ವರ್ಷ ನೋಡೋಣ ಎಂದೆ. ಆ ಮುಂದಿನ ವರ್ಷ...

ಆಮೇಲೆ ಅವಳು ಮರಾಠಿ ಆರ್ಕೆಸ್ಟ್ರಾ ಸೇರಿ ಇನ್ನೂ ಹೆಸರಾದಳು. ಅಪ್ಪ ಅಲ್ಲಿಯೂ ಮೊದಲ ಸಾಲಿನಲ್ಲೇ ಕೂರುತ್ತಿದ್ದರಂತೆ. ಒಮ್ಮೆ ನಾನೂ ಹಿಂದೆ ನಿಂತು ನೋಡಿದೆ. ತುಟಿ ಅಲ್ಲಾಡುತ್ತಿರಲಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತೀರಿಕೊಂಡರು. ಅವಳು ಮದುವೆಯಾಗಿ ಕೋಪರಖೈರಣೆಗೆ ಹೋದಳು.

ನೋಟ್‌ಬುಕ್ಕಿನಲ್ಲಿ ನನ್ನ ಬರಹ ಮುಗಿದಲ್ಲಿಂದ ಅವಳದು ಶುರುವಾಗುತ್ತದೆ. ಕನ್ನಡ ಅಕ್ಷರಗಳು, ಮೊದಲು ವಕ್ರ, ಆಮೇಲೆ ಪರವಾಗಿಲ್ಲ. ಪುಟಗಟ್ಟಲೆ ತಿದ್ದಿದ್ದಾಳೆ. ಕೊನೆಯ ಪುಟದಲ್ಲಿ ಅಪ್ಪನ ಮಾತಿನ ಧಾಟಿಯಲ್ಲೇ ಮೂರು ಸಾಲು:

"ಎಲ್ಲಾರಿಗೂ ಶರಣ್ರಿ. ನನಗ ಈಗ ಮಾತಾಡಾಕ ಬರ್ತದ. ಒಂದು ಹಾಡ್ಲೇನ್ರಿ?"

ನಾವು ಯಾರೂ ಕರೆಯಲಿಲ್ಲ.

ನಿರ್ಣಯ ಇಂದಿಗೂ ಜಾರಿಯಲ್ಲಿದೆ. ರದ್ದು ಮಾಡಲು ಸಮಿತಿ ಸೇರಬೇಕು. ಸಮಿತಿಗೆ ಹೊಸಬರು ಯಾರೂ ಬರಲಿಲ್ಲ; ಅಂದು ಕೈಯೆತ್ತಿದ ಏಳು ಜನರಲ್ಲಿ ಉಳಿದವನು ನಾನೊಬ್ಬ. ಕೋರಂ ಇಲ್ಲ.