ನನ್ನನ್ನೂ ಸೇರಿಸಿ ಅಳೆದ ಯಂತ್ರ

ಕಳೆದ ವರ್ಷದ ಆ ಬೆಳಗು ಎಂದಿನ ಹಾಗೆಯೇ ಶುರುವಾಗಿತ್ತು. ಹಾಲು ಉಕ್ಕಿಸಿದೆ, ಒಲೆ ಒರೆಸಿದೆ, ಯಜಮಾನರನ್ನು ಚಾದರದ ಅಂಗಡಿಗೆ ಕಳಿಸಿದೆ. ಮಗಳು ಶ್ರೇಯಾ ಸ್ನಾನಕ್ಕೆ ಹೋದಾಗ ಅವಳ ಮೇಜನ್ನೂ ಚೊಕ್ಕಟ ಮಾಡಿಬಿಟ್ಟೆ. ಏನು ಮಾಡಲಿ, ಸೊಲ್ಲಾಪುರದ ಕಾನ್ವೆಂಟಿನಲ್ಲಿ ಕಲಿತದ್ದರಲ್ಲಿ ನನಗೆ ಉಳಿದದ್ದು ಶಿಸ್ತು ಒಂದೇ. ಓಮನ ನಿಯಮವನ್ನೂ ಗಟ್ಟಿಮಾಡಿ ಒಪ್ಪಿಸಿದ್ದೆನಾದರೂ, ನಮ್ಮ ಬಲ್ಬು ಉರಿಯುತ್ತಿದ್ದುದು ಹಾಳೆಯ ಮೇಲೆ, ಪೆನ್ಸಿಲಿನ ಗೆರೆಗಳ ನಡುವೆ.

ಮೇಜಿನ ಮೇಲೆ ಮೂರು ಪುಡಿಕೆಗಳಲ್ಲಿ ಕರೆಂಟಿಗೆ ತಡೆಯೊಡ್ಡುವ ರೆಸಿಸ್ಟರುಗಳಿದ್ದವು, ಜೀರಿಗೆಗೆ ಕಾಲು ಮೂಡಿದ ಹಾಗೆ. ಅಕ್ಕಲಕೋಟೆಯ ತವರಿನಿಂದ ತಂದ ಹಳೆಯ ಮಸಾಲೆ ಡಬ್ಬಿಯಲ್ಲಿ ಅವನ್ನೆಲ್ಲ ಸುರಿದು, ಮೈಮೇಲಿನ ಬಣ್ಣದ ಗೆರೆಗಳ ಚೆಂದ ನೋಡಿ ಬಟ್ಟಲು ಬಟ್ಟಲಿಗೆ ಹಂಚಿದೆ.

“ಮಮ್ಮಿ! ಅವನ್ನ ಅಳದು ಬ್ಯಾರೆ ಬ್ಯಾರೆ ಇಟ್ಟಿದ್ನಿ. ನಾಳಿ ಸಾಲ್ಯಾಗ ಪ್ರದರ್ಶನ ಅದ. ಇನ್ನ ಮುಂದ ನನ್ನ ಟೇಬಲ್ ಹತ್ರನ ಬರಬ್ಯಾಡ ನೀ!” ಎಂದವಳು ಊಟದ ಡಬ್ಬಿಯನ್ನೂ ಬಿಟ್ಟು ಹೋದಳು.

ಮಾತು ನಾಟಿತು. ಹತ್ತನೆಯ ತರಗತಿಯವರ ಲೋಕದಲ್ಲಿ ತಾಯಿಗೆ ಸಿಗುವುದೇ ಒಂದು ಮೇಜಿನಂಚು. ಅದೂ ಹೋದರೆ ನಾನು ಬರೀ ಟಿಫಿನ್ನಿನವಳು. ಅವಳು ಬರುವುದರೊಳಗೆ ಎಲ್ಲವನ್ನೂ ಮತ್ತೆ ಬೇರ್ಪಡಿಸಬೇಕೆಂದು ಹಟ ಹಿಡಿದೆ.

ಅವಳ ಯಂತ್ರ ಅಲ್ಲೇ ಇತ್ತು: ಪುಟ್ಟ ಮೈಕ್ರೋಕಂಟ್ರೋಲರ್, ಮೂರು ದೀಪ. ರೆಸಿಸ್ಟರಿನ ಎರಡು ಕಾಲು ಸಿಕ್ಕಿಸಿದಾಗ ತಡೆ ಕಡಿಮೆಯಿದ್ದರೆ ಹಸಿರು, ನಡುವಿನದಾದರೆ ಹಳದಿ, ಬಹಳವಾದರೆ ಕೆಂಪು. ಜಾರದಿರಲೆಂದು ನಾನು ಹೂ ಕಟ್ಟುವವಳಂತೆ ಎರಡೂ ಕಾಲುಗಳನ್ನು ಬೆರಳಿಂದ ಒತ್ತಿ ಹಿಡಿದೆ. ರೊಟ್ಟಿ ಬಡಿದು ತೊಳೆದ ಕೈ ಇನ್ನೂ ಆರಿರಲಿಲ್ಲ. ಕೆಲವಕ್ಕೆ ಹಸಿರು ಬಂತು, ಉಳಿದವೆಲ್ಲ ಹಳದಿ. ಕೆಂಪಿನ ಸುಳಿವೇ ಇಲ್ಲ. ಕೆಂಪು ದೀಪ ಕೆಟ್ಟಿದೆಯೆಂದು ತೀರ್ಪು ಕೊಟ್ಟೆ. ಸೆರಗಿನಿಂದ ಅದನ್ನು ಒರೆಸಿದೆ ಕೂಡ. ಮತ್ತೆ ಕೈ ತೊಳೆದು ಬಂದೆ, ಮತ್ತೆ ಒತ್ತಿ ಹಿಡಿದೆ.

ಸಂಜೆ ಶ್ರೇಯಾ ಬಂದು ಬಾಗಿಲಲ್ಲೇ ನಿಂತು ನೋಡಿದಳು. ಬೈಯುತ್ತಾಳೆಂದುಕೊಂಡೆ. ನಕ್ಕಳು.

“ಎರಡೂ ಕಾಲು ಹಿಡದೀ ಅಲ್ಲ ಮಮ್ಮಿ, ಕರೆಂಟ್ ನಿನ್ನ ಕೈಯಾಗಿಂದನೂ ಹೊಂಟದ, ಅದಕ್ಕ ತಡಿ ಕಡಿಮಿ ತೋರಸ್ತದ. ರೆಸಿಸ್ಟರ್ ಜೋಡಿ ನಿನ್ನನೂ ಅಳ್ಯಾಕತ್ತದ ಅದು!”

ಕೈ ಬಿಟ್ಟೆ. ಕೆಂಪು ದೀಪ ಟಕ್ಕನೆ ಹೊತ್ತಿತು.

“ಕುಂದ್ರು. ನೀ ಸಿಗಿಸು, ನಾ ಪುಡಿಕ್ಯಾಗ ಹಾಕ್ತೀನಿ,” ಎಂದು ತನ್ನ ಪಕ್ಕಕ್ಕೆ ಕುರ್ಚಿ ಎಳೆದಳು.

ಮತ್ತೆ ಮೊದಲಿನಿಂದ. ಸಿಕ್ಕಿಸುವುದು, ಕೈ ತೆಗೆಯುವುದು, ದೀಪಕ್ಕೆ ಕಾಯುವುದು. ನನಗೆ ಕಷ್ಟವಾದದ್ದು ಕೈ ತೆಗೆಯುವುದೇ; “ಬಿಡು ಮಮ್ಮಿ, ಬಿಡು!” ಎಂದು ಅವಳು ಹೇಳುತ್ತಲೇ ಇದ್ದಳು. ಹೊರಗೆ ಕತ್ತಲಾದದ್ದು ಇಬ್ಬರಿಗೂ ತಿಳಿಯಲಿಲ್ಲ.

ಪಕ್ಕದ ಮನೆಯ ಶೋಭಾ ಹೆಪ್ಪಿಗೆ ಮೊಸರು ಕೇಳಲು ಬಂದವರು ಅಡುಗೆಮನೆಯತ್ತ ಇಣುಕಿ ಕೇಳಿದರು: “ಏನ್ರಿ ವೈನಿ, ಇವತ್ತ ನಿಮ್ಮ ಮನ್ಯಾಗಿಂದ ಒಗ್ಗರಣಿ ವಾಸನಿನ ಬಂದಿಲ್ಲ. ಎಲ್ಲಾರ್ದೂ ಉಪಾಸೇನು?”