ಯಳವತ್ತಿಯಲ್ಲಿ ಇಲ್ಲದ ಚರಣ

ಹಳೆಯ ಗಾಯಕನೊಬ್ಬನ ಒಂದು ಪ್ರೇಮಗೀತೆ ಹಾಡದೆ ನಮ್ಮ ಆರ್ಕೆಸ್ಟ್ರಾವನ್ನು ಯಾವ ಊರೂ ಬಿಡುವುದಿಲ್ಲ. ಮೊದಲ ಚರಣದಲ್ಲಿ ನಲ್ಲ ನಲ್ಲೆಯನ್ನು ಕರೆಯುತ್ತಾನೆ, ನಡುವಿನದರಲ್ಲಿ ಕಾಯುತ್ತಾನೆ, ಕೊನೆಯದರಲ್ಲಿ ಅವಳು ಬರುತ್ತಾಳೆ. ಯಳವತ್ತಿಯ ಮದುವೆಯೊಂದರಲ್ಲಿ ಮೂರೂ ಚರಣ ಹಾಡಿದೆ. ಚಪ್ಪಾಳೆ ಬರಲಿಲ್ಲ. ಬಳೆಗಾರ ಖಾದರಸಾಬರು ಎದ್ದು ನಿಂತರು.

"ನಡುವಿನ ಚರಣ ಎಲ್ಲಿಂದ ತಂದ್ರಿ? ನಮ್ಮ ಹಾಡಿನಾಗ ಅದು ಇಲ್ಲ."

"ಖರೆ ಹಾಡಿನಾಗ ಐತ್ರಿ," ಎಂದೆ, ತುಸು ಬಿರುಸಾಗಿಯೇ.

ವಿಚಾರಿಸಿದರೆ, ಊರಿನ ಚಹಾದಂಗಡಿಯಲ್ಲಿದ್ದ ಒಂದೇ ಕ್ಯಾಸೆಟ್ಟಿನ ಟೇಪು ಹರಿದಾಗ, ವಿರಹದ ಆ ಚರಣವಿದ್ದ ತುಂಡನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಅಂಟಿಸಿದ್ದರಂತೆ. ಊರೆಲ್ಲ ಕಲಿತದ್ದು ಆ ಎರಡು ಚರಣದ ಹಾಡನ್ನೇ.

"ನಮ್ಮಲ್ಲಿ ಆಂವ ಕರದ ಕೂಡ್ಲೇ ಆಕಿ ಬರ್ತಾಳ್ರಿ," ಎಂದರು ಖಾದರಸಾಬರು. "ನೀವು ಯಾಕ ಇಷ್ಟೊತ್ತು ಕಾಯಿಸಿದ್ರಿ?"

ಆ ಚರಣ ಬಿಟ್ಟು ಮತ್ತೆ ಹಾಡಿದೆ. ಚಪ್ಪರವೇ ದನಿಗೂಡಿಸಿತು.

ಬೇರೆ ಊರುಗಳಲ್ಲಿ ಈಗಲೂ ಪೂರ್ತಿ ಹಾಡುತ್ತೇನೆ. ನಡುವಿನ ಚರಣ ಬಂದಾಗ ಮಾತ್ರ, ಹೊರಟು ಬಂದವಳನ್ನು ನಾನೇ ಬಾಗಿಲಲ್ಲಿ ತಡೆದು ನಿಲ್ಲಿಸಿದಂತೆ ಅನ್ನಿಸುತ್ತದೆ.