ಹುಳುಮನೆಗೆ ಬಾರದ ಚಿಕ್ಕಮ್ಮ

ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿದ ಹೊತ್ತನ್ನೆಲ್ಲ ನಾನು ಡೈರಿಯಲ್ಲಿ ಬರೆದಿಡುತ್ತಿದ್ದೆ. ಹುಳುಗಳು ನಾಲ್ಕನೇ ಸಲ ಪೊರೆ ಕಳಚಿ ಎದ್ದ ವಾರ ಅದಕ್ಕೆ ಒಂದು ಹೊಸ ಸಾಲು ಸೇರಿತು: ಚಿಕ್ಕಮ್ಮ ಹುಳುಮನೆಗೆ ಬಾರದ ದಿನ, ಮೂರು.

ಅವಳ ಗರ್ಭಕೋಶದ ಬಾಯಲ್ಲಿ ಕ್ಯಾನ್ಸರ್ ಶುರುವಾಗಿದೆ, ಅದಕ್ಕೆ ಒಂದು ವೈರಸ್ ಕಾರಣ, ಶುಕ್ರವಾರ ಆಪರೇಷನ್ ಮಾಡೋಣ ಎಂದು ರಾಮನಗರದ ಡಾಕ್ಟರಮ್ಮ ಹೇಳಿದ್ದರು. ಹಿಂದೊಮ್ಮೆ ಹುಳುಗಳಿಗೆ ವೈರಸ್‌ನಿಂದ ಬರುವ ಹಾಲುತೊಂಡೆ ರೋಗಕ್ಕೆ ಇಡೀ ಬೆಳೆ ಕಳೆದುಕೊಂಡಿದ್ದ ಚಿಕ್ಕಮ್ಮ ಬಾಗಿಲಾಚೆಯೇ ನಿಂತುಬಿಟ್ಟಳು.

"ನಂದು ಹುಳಕ್ಕೆ ಅಂಟ್ಕಂಡ್ರೆ? ಮೊದ್ಲು ಗೂಡು ಕಟ್ಲಿ, ಆಪರೇಷನ್ ಆಮೇಲೆ ನೋಡಾನ."

ಬುಧವಾರ ಅವಳನ್ನು ಬಲವಂತವಾಗಿ ಬಸ್ಸು ಹತ್ತಿಸಿದೆ. ಅವಳ ಭಯ ಕೇಳಿ ಡಾಕ್ಟರಮ್ಮ ನಕ್ಕರು.

"ಈ ವೈರಸ್ ಹುಳಕ್ಕೆ ಬರಲ್ಲಮ್ಮ. ಆದರೆ ನಿಮ್ಮೊಳಗೆ ಅದು ಗಡ್ಡೆಯ ಸುತ್ತಲಿನ ಜಾಗವನ್ನೂ ತನಗೆ ಬೇಕಾದ ಹಾಗೆ ಬದಲಾಯಿಸುತ್ತೆ. ಕಾಯಬೇಕಾದ ಜೀವಕೋಶಗಳು ಸುಮ್ಮನಾಗ್ತವೆ. ಹೊಸ ರಕ್ತನಾಳಗಳು ಬೆಳೆದು ಗಡ್ಡೆಗೆ ಊಟ ಕೊಡ್ತವೆ."

ಹುಳುಗಳ ಕೆಳಗೆ ಸೇರುವ ಹಳೇ ಸೊಪ್ಪು, ಹಿಕ್ಕೆಗೆ ನಮ್ಮಲ್ಲಿ ಹಾಸಿಗೆ ಅನ್ನುತ್ತಾರೆ. ಚಿಕ್ಕಮ್ಮನಿಗೆ ಅದೇ ನೆನಪಾಯಿತು.

"ಅಂದ್ರೆ ಹಾಸಿಗೇನೂ ಕೆಟ್ಟೈತೆ ಅನ್ನಿ. ಕಾಯ್ಲೆ ಹುಳ ಒಂದನ್ನೇ ಆರಿಸಿದ್ರೆ ಸಾಲ್ದು."

"ಹೌದಮ್ಮ. ಅದಕ್ಕೇ ಸುತ್ತಲಿಂದು ಒಂದಿಷ್ಟು ಸೇರಿಸಿ ತೆಗೀತೀವಿ. ತಡ ಮಾಡಿದಷ್ಟೂ ಹರಡುತ್ತೆ."

"ಕೆಟ್ಟ ಹಾಸಿಗೇನ ನಾನು ಒಂದಿನಾನೂ ಬುಡಾಕಿಲ್ಲ," ಎಂದು ಚಿಕ್ಕಮ್ಮ ಎದ್ದಳು.

ಮನೆಗೆ ಬಂದವಳೇ ಕೈಕಾಲು ತೊಳೆದು ಹುಳುಮನೆಗೆ ನುಗ್ಗಿ, ತಟ್ಟೆ ತಟ್ಟೆಯನ್ನೂ ಬಗ್ಗಿ ನೋಡಿದಳು.

"ಶುಕ್ರವಾರ ನಾನಿರಾಕಿಲ್ಲ ಕಣೆ. ಹಣ್ಣಾದ ಹುಳಾನ ಗೂಡು ಕಟ್ಟಾಕೆ ನೀನೇ ಬಿದಿರಿನ ಚಂದ್ರಿಕೆಗೆ ಬುಡು. ಒಸಿ ನಿಧಾನಕ್ಕೆ, ಚೆಲ್ಲಾಡಬ್ಯಾಡ."